ಥೆಯೊದೋರೊಸ್: ಗ್ರೀಕ್ ಹೆಸರೊಂದರ ಮೂಲ, ಅರ್ಥ ಹುಡುಕುವ ಬಗೆ

ಗ್ರೀಕ್ ಹೆಸರಿನ ಅರ್ಥ ಹುಡುಕಿದರೆ ಒಂದು ಸಾಲಿನ ಉತ್ತರ ಥಟ್ಟನೆ ಸಿಗುತ್ತದೆ: ‘ಥಿಯೋಡೋರ್ ಅಂದರೆ ದೇವರ ಕೊಡುಗೆ.’ ಉತ್ತರವೇನೋ ಸರಿ. ಆದರೆ ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಥಿಯೊಡೊರಿಕ್, ವೇಲ್ಸ್‌ನ ಟ್ಯೂಡರ್ ಮುಂತಾದವಕ್ಕೂ ಇದೇ ಅರ್ಥ ಅಂಟಿಸಿರುವುದುಂಟು. ಅದು ತಪ್ಪು. ಸರಿ ಯಾವುದು, ತಪ್ಪು ಯಾವುದು ಎಂದು ನಾವೇ ಪರೀಕ್ಷೆ ಮಾಡಿಕೊಳ್ಳುವುದಕ್ಕೆ ಗ್ರೀಕ್ ಪಂಡಿತರಾಗಬೇಕಿಲ್ಲ. ಶಾಲೆಯಲ್ಲಿ ಕಲಿತ ಸಮಾಸ, ವಿಭಕ್ತಿಗಳ ನೆನಪು ಒಂದಿಷ್ಟಿದ್ದರೆ ಸಾಕು. ಥೆಯೊದೋರೊಸ್ ಎಂಬ ಒಂದೇ ಹೆಸರನ್ನು ಹಿಡಿದು ಆ ಕೆಲಸ ಹೇಗೆ ಮಾಡುವುದೆಂದು ಇಲ್ಲಿ ನೋಡೋಣ. ಇದೇ ದಾರಿಯಲ್ಲಿ ಬೇರೆ ಬಹಳಷ್ಟು ಗ್ರೀಕ್ ಹೆಸರುಗಳನ್ನೂ ಬಿಡಿಸಬಹುದು.

ಇಂಗ್ಲಿಷ್ ರೂಪದಿಂದ ಶುರು ಮಾಡಬೇಡಿ

ಮೊದಲ ಕೆಲಸ, ಹೆಸರಿನ ಗ್ರೀಕ್ ಬರವಣಿಗೆಯನ್ನು ಹುಡುಕಿಕೊಳ್ಳುವುದು. ಥೆಯೊದೋರೊಸ್‌ನಲ್ಲಿ ಎಂಟು ಅಕ್ಷರಗಳಿವೆ: ಥೀಟಾ, ಎಪ್ಸಿಲಾನ್, ಒಮಿಕ್ರಾನ್, ಡೆಲ್ಟಾ, ಒಮೆಗಾ, ರೋ, ಮತ್ತೆ ಒಮಿಕ್ರಾನ್, ಕೊನೆಗೆ ಸಿಗ್ಮಾ. ಗ್ರೀಸ್‌ನ ಪಾಸ್‌ಪೋರ್ಟಿನಲ್ಲಿ ಇದೇ ಹೆಸರು ರೋಮನ್ ಲಿಪಿಯಲ್ಲಿ ಬರುವಾಗ ಒಮಿಕ್ರಾನ್ ಮತ್ತು ಒಮೆಗಾ ಎರಡಕ್ಕೂ ಒಂದೇ ‘ಓ’ ಅಕ್ಷರ ಬೀಳುತ್ತದೆ. ಅಲ್ಲಿಗೆ ಅರ್ಥದ ಸುಳಿವೊಂದು ಅಳಿಸಿಹೋಯಿತು ಎಂದೇ ಲೆಕ್ಕ.

ಆ ಸುಳಿವು ಎಷ್ಟು ಮುಖ್ಯವೆಂದರೆ, ಒಮೆಗಾ ಇರುವ ‘ದೋರೊನ್’ ಅಂದರೆ ಉಡುಗೊರೆ, ಒಮಿಕ್ರಾನ್ ಇರುವ ‘ದೊರು’ ಅಂದರೆ ಈಟಿ. ‘ದೊರುಫೊರೊಸ್’ ಎಂಬ ಪದಕ್ಕೆ ಈಟಿ ಹಿಡಿದವನು ಎಂದರ್ಥ; ಅದರಲ್ಲಿ ಉಡುಗೊರೆಯೇನೂ ಇಲ್ಲ. ರೋಮನ್ ಲಿಪಿಯಲ್ಲಿ ಎರಡರ ಮೊದಲ ಮೂರಕ್ಷರವೂ ಒಂದೇ ಥರ ಕಾಣುತ್ತವೆ. ಹಾಗೆಯೇ ಥೇಸೆಯುಸ್ ಎಂಬ ವೀರನ ಹೆಸರನ್ನು ‘ಥೆಯೊಸ್’ ಪದಕ್ಕೆ ಗಂಟುಹಾಕುವವರಿದ್ದಾರೆ. ಅವನ ಹೆಸರಿನಲ್ಲಿರುವುದು ದೀರ್ಘ ಸ್ವರ ಈಟಾ, ಥೆಯೊಸ್‌ನಲ್ಲಿರುವುದು ಹ್ರಸ್ವ ಸ್ವರ ಎಪ್ಸಿಲಾನ್. ಎರಡೂ ಬೇರೆ ಬೇರೆ.

ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಎ-ಏ, ಒ-ಓ ಎಂದು ಹ್ರಸ್ವ ದೀರ್ಘಗಳನ್ನು ನಮ್ಮ ಲಿಪಿ ಬೇರೆ ಬೇರೆಯಾಗಿ ಬರೆಯುತ್ತದೆ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲವೇ ಇಲ್ಲ. ಎಪ್ಸಿಲಾನ್‌ಗೆ ಎ, ಈಟಾಗೆ ಏ, ಒಮಿಕ್ರಾನ್‌ಗೆ ಒ, ಒಮೆಗಾಗೆ ಓ ಎಂದು ಇಟ್ಟುಕೊಂಡರೆ ಪ್ರಾಚೀನ ಗ್ರೀಕ್ ಹೆಸರು ಕನ್ನಡದಲ್ಲಿ ಬಹುಮಟ್ಟಿಗೆ ಹಾಗೆಯೇ ಕೂರುತ್ತದೆ. ಪ್ರಾಚೀನ ಥೀಟಾದ ಉಚ್ಚಾರ ನಮ್ಮ ಮಹಾಪ್ರಾಣ ಥ. ಡೆಲ್ಟಾ ನಮ್ಮ ದ. ‘ಥೆ’ ಆದ ಮೇಲೆ ‘ಒ’ ಬಂದಾಗ ನಡುವೆ ಯಕಾರ ಸೇರುವುದು ಕನ್ನಡದ್ದೇ ಜಾಯಮಾನ. ಹೀಗೆ ಥೆಯೊದೋರೊಸ್. ಕನ್ನಡ ಬೈಬಲ್‌ನಲ್ಲಿ ತಿಮೊಥೆಯ, ಥೆಯೊಫಿಲ ಎಂಬ ರೂಪಗಳು ನೆಲೆಯಾಗಿರುವುದನ್ನು ನೋಡಿದರೆ ಈ ದಾರಿ ಹೊಸದಲ್ಲವೆಂದು ತಿಳಿಯುತ್ತದೆ. ‘ಥಿಯೋಡೋರ್’ ಎಂಬುದು ಇಂಗ್ಲಿಷ್ ಮೂಲಕ ಬಂದ ರೂಪ. ಅದರಲ್ಲಿ ಎ ಹೋಗಿ ಇ ಆಗಿದೆ, ದ ಹೋಗಿ ಡ ಆಗಿದೆ, ಕೊನೆಯ ‘ಒಸ್’ ಬಿದ್ದುಹೋಗಿದೆ.

ಬಿಡಿಸುವಾಗ ಹಿಂದಿನಿಂದ ಬನ್ನಿ

ಕೊನೆಯ ‘ಒಸ್’ ಪುಲ್ಲಿಂಗದ ಪ್ರಥಮಾ ವಿಭಕ್ತಿ ಪ್ರತ್ಯಯ. ಅದನ್ನು ಬದಿಗಿಡಿ. ಉಳಿದದ್ದು ‘ಥೆಯೊದೋರ್’. ಇದರಲ್ಲಿ ಎರಡು ತುಂಡು: ‘ಥೆಯೊ’ ಮತ್ತು ‘ದೋರ್’. ಥೆಯೊಸ್ ಅಂದರೆ ದೇವರು. ದೋರೊನ್ ಅಂದರೆ ಉಡುಗೊರೆ. ದೋರೊನ್ ಎಂಬುದು ಗ್ರೀಕ್‌ನಲ್ಲಿ ನಪುಂಸಕ ಲಿಂಗದ ಪದ. ಗಂಡಸಿನ ಹೆಸರಾಗುವಾಗ ಪುಲ್ಲಿಂಗದ ‘ಒಸ್’ ತಗುಲಿಸಿಕೊಂಡು ‘ದೋರೊಸ್’ ಆಗಿದೆ. ಹೆಣ್ಣಿನ ಹೆಸರಾದಾಗ ಥೆಯೊದೋರಾ. ನಮ್ಮ ತತ್ಪುರುಷ ಸಮಾಸದ ಹಾಗೆ ‘ದೇವರ ಉಡುಗೊರೆ’ ಎಂದು ವಿಗ್ರಹವಾಕ್ಯ ಮಾಡಬಹುದು.

ಈ ತುಂಡುಗಳನ್ನೇ ತಿರುವುಮುರುವು ಮಾಡಿದರೆ ದೋರೊಥೆಯೊಸ್, ಸ್ತ್ರೀಲಿಂಗದಲ್ಲಿ ದೋರೊಥೆಯಾ. ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಕೇಳಿಬರುವ ಡೊರೊಥಿ ಇದರ ಇಂಗ್ಲಿಷ್ ರೂಪವೇ. ಅಂದರೆ ಥಿಯೋಡೋರಾ ಮತ್ತು ಡೊರೊಥಿ ಒಂದೇ ಸಾಮಗ್ರಿಯಿಂದ ಆದ ಎರಡು ಹೆಸರುಗಳು. ಅಕ್ಕತಂಗಿಯರಿಗೆ ಇವೆರಡನ್ನೂ ಇಟ್ಟರೆ ಅರ್ಥ ಒಂದೇ ಆಗುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ಬಿಡಿಸುವಾಗ ಆಗುವ ಸಾಮಾನ್ಯ ತಪ್ಪು, ಮೊಟಕು ಹೆಸರಿಗೂ ಪೂರ್ತಿ ಅರ್ಥ ಕೊಡುವುದು. ‘ಥಿಯೋ’ ಎಂದಷ್ಟೇ ಇಟ್ಟರೆ ಉಳಿಯುವುದು ‘ದೇವರು’ ಎಂಬ ಅರ್ಧ. ‘ಡೋರಾ’ ಎಂದರೆ ಉಳಿಯುವುದು ‘ಉಡುಗೊರೆ’. ಮಗುವಿಗೆ ಚಿಕ್ಕ ಹೆಸರನ್ನೇ ದಾಖಲೆಗೆ ಹಾಕುವವರು ಇದನ್ನು ತಿಳಿದು ಹಾಕುವುದು ಒಳ್ಳೆಯದು.

ಥೆಯೊಸ್ ಮತ್ತು ದೇವ: ಕಣ್ಣಿಗೆ ಕಟ್ಟುವ ಹೋಲಿಕೆ, ಆದರೆ ನಂಟಿಲ್ಲ

ಥೆಯೊಸ್ ಕಂಡ ಕೂಡಲೇ ‘ದೇವ’ ನೆನಪಾಗುತ್ತದೆ, ಎರಡೂ ಒಂದೇ ಮೂಲದವು ಎನ್ನಿಸುತ್ತದೆ. ಹೆಚ್ಚು ಜನ ಎಡವುವ ಜಾಗ ಇದು. ಗ್ರೀಕ್ ಮತ್ತು ಸಂಸ್ಕೃತ ಒಂದೇ ಭಾಷಾ ಕುಟುಂಬದವು ನಿಜ. ಆದರೆ ನಂಟು ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಧ್ವನಿನಿಯಮ. ಪದದ ಮೊದಲಲ್ಲಿ ಗ್ರೀಕ್ ‘ಥ’ ಇದ್ದರೆ ಸಂಸ್ಕೃತದಲ್ಲಿ ಸಾಮಾನ್ಯವಾಗಿ ‘ಧ’ ಇರಬೇಕು: ಗ್ರೀಕ್ ಥೂಮೊಸ್, ಸಂಸ್ಕೃತ ಧೂಮ. ಗ್ರೀಕ್ ‘ದ’ ಇದ್ದರೆ ಸಂಸ್ಕೃತದಲ್ಲಿ ‘ದ’: ಗ್ರೀಕ್ ದೋರೊನ್, ಸಂಸ್ಕೃತ ದಾನ. ‘ದೇವ’ ಶುರುವಾಗುವುದು ದಕಾರದಿಂದ, ಥೆಯೊಸ್ ಥಕಾರದಿಂದ. ಲೆಕ್ಕ ಕೂಡುವುದಿಲ್ಲ.

ಹಾಗಾದರೆ ‘ದೇವ’ನ ಗ್ರೀಕ್ ನೆಂಟ ಯಾರು? ಜ್ಯೂಸ್. ಈ ದೇವರ ಹೆಸರು ಷಷ್ಠಿಯಲ್ಲಿ ‘ದಿಯೊಸ್’ ಆಗುತ್ತದೆ. ಸಂಸ್ಕೃತದ ‘ದ್ಯೌಃ’, ‘ದೇವ’ ಎರಡೂ ಅದೇ ಬೇರಿನವು. ಆದ್ದರಿಂದ ‘ದಿಯೊ’ ಎಂದು ಶುರುವಾಗುವ ದಿಯೊದೋರೊಸ್ (ಜ್ಯೂಸ್ ಕೊಟ್ಟ ಉಡುಗೊರೆ) ನಮ್ಮ ‘ದೇವ’ಕ್ಕೆ ಹತ್ತಿರದವನು, ಥೆಯೊದೋರೊಸ್ ಅಲ್ಲ.

ಹೆಸರಿನ ಎರಡನೆಯ ಅರ್ಧದಲ್ಲಿ ಮಾತ್ರ ನಂಟು ಗಟ್ಟಿ. ಗ್ರೀಕ್‌ನ ‘ದಿದೋಮಿ’, ಸಂಸ್ಕೃತದ ‘ದದಾಮಿ’ ಎರಡಕ್ಕೂ ‘ಕೊಡುತ್ತೇನೆ’ ಎಂದೇ ಅರ್ಥ. ದಾನ, ದಾತ, ದತ್ತ ಎಂದು ಕನ್ನಡದಲ್ಲಿ ದಿನವೂ ಬಳಸುವ ಪದಗಳು ಆ ಧಾತುವಿನವೇ. ಗ್ರೀಕ್‌ನಲ್ಲಿ ‘ದೊತೊಸ್’ ಎಂಬ ಕೃದಂತವೂ ಇದೆ, ಅರ್ಥ ‘ಕೊಡಲ್ಪಟ್ಟ’. ಇದು ನಮ್ಮ ‘ದತ್ತ’. ಹೀಗಾಗಿ ದೇವದತ್ತ ಎಂಬ ಹೆಸರಿಗೆ ನೇರ ಗ್ರೀಕ್ ಜೋಡಿ ಬೇಕೆಂದರೆ ಹೇಳಬೇಕಾದದ್ದು ದಿಯೊದೊತೊಸ್. ಕ್ರಿ.ಪೂ. 3ನೆಯ ಶತಮಾನದಲ್ಲಿ ಬ್ಯಾಕ್ಟ್ರಿಯಾವನ್ನು, ಅಂದರೆ ಈಗಿನ ಅಫ್ಘಾನಿಸ್ತಾನದ ಉತ್ತರ ಭಾಗವನ್ನು, ಆಳಿದ ಗ್ರೀಕ್ ಅರಸನ ಹೆಸರು ಅದೇ. ಥೆಯೊದೋರೊಸ್‌ಗೆ ‘ದೇವದತ್ತ’ ಎಂಬ ಅನುವಾದ ಭಾವಕ್ಕೆ ಒಪ್ಪುತ್ತದೆ. ವ್ಯುತ್ಪತ್ತಿ ಎಂದು ಮಾತ್ರ ಬರೆಯಬೇಡಿ.

ಒಡಹುಟ್ಟಿದ ಹೆಸರುಗಳ ಜೊತೆ ತಾಳೆ ನೋಡಿ

ಬಿಡಿಸಿದ್ದು ಸರಿಯೋ ಎಂದು ತಿಳಿಯಲು ಒಳ್ಳೆಯ ಪರೀಕ್ಷೆಯೊಂದಿದೆ. ಒಂದು ತುಂಡನ್ನು ಹಾಗೆಯೇ ಇಟ್ಟುಕೊಂಡು ಇನ್ನೊಂದನ್ನು ಬದಲಾಯಿಸಿ, ಅಂಥ ಹೆಸರುಗಳು ನಿಜವಾಗಿ ಇದ್ದವೇ ಎಂದು ನೋಡಿ. ‘ದೋರೊಸ್’ ಇಟ್ಟುಕೊಂಡರೆ ಸಾಲು ಉದ್ದವಿದೆ: ಅಪೊಲ್ಲೊದೋರೊಸ್ ಅಪೊಲೊ ಕೊಟ್ಟವನು, ಆರ್ತೆಮಿದೋರೊಸ್ ಆರ್ಟೆಮಿಸ್ ದೇವಿ ಕೊಟ್ಟವನು, ಹೇಲಿಯೊದೋರೊಸ್ ಸೂರ್ಯ ಕೊಟ್ಟವನು, ಮೇತ್ರೊದೋರೊಸ್ ಮಾತೃದೇವತೆ ಕೊಟ್ಟವನು. ಇಸಿದೋರೊಸ್ ಈಜಿಪ್ಟಿನ ಐಸಿಸ್ ದೇವಿ ಕೊಟ್ಟವನು. ಆಮೇಲೆ ಕ್ರೈಸ್ತ ಸಂತರೂ ಇಸಿದೋರ್ ಎಂದೇ ಕರೆಸಿಕೊಂಡರು. ಹೆಸರು ಬಳಕೆಯಲ್ಲಿ ಬೇರೂರಿದ ಮೇಲೆ ಒಳಗಿನ ದೇವತೆ ಯಾರೆಂದು ಯಾರೂ ಕೇಳುವುದಿಲ್ಲ.

‘ಥೆಯೊ’ ಇಟ್ಟುಕೊಂಡರೆ ಥೆಯೊಫಿಲೊಸ್ (ದೇವರಿಗೆ ಪ್ರಿಯನಾದವನು), ಥೆಯೊದೊತೊಸ್. ತುಂಡು ಹಿಂದೆ ಹೋದರೆ ತೀಮೊಥೆಯೊಸ್ (ದೇವರನ್ನು ಗೌರವಿಸುವವನು). ಎರಡೂ ತುಂಡುಗಳು ಹೀಗೆ ಬೇರೆ ಬೇರೆ ಜೊತೆಗಾರರೊಂದಿಗೆ ಸಿಕ್ಕರೆ ಬಿಡಿಸಿದ್ದು ಸರಿ. ಒಂದು ತುಂಡು ಬೇರೆಲ್ಲೂ ಸಿಗದಿದ್ದರೆ ಅನುಮಾನ ಪಡಬೇಕು.

ಹೆಸರು ನಿಜಕ್ಕೂ ಬಳಕೆಯಲ್ಲಿತ್ತೇ, ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಎಂದು ನೋಡಲು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಸಿದ್ಧಪಡಿಸುತ್ತಿರುವ ಗ್ರೀಕ್ ವ್ಯಕ್ತಿನಾಮಗಳ ಕೋಶವಿದೆ. 1987ರಲ್ಲಿ ಮೊದಲ ಸಂಪುಟ ಬಂತು, ಅಂತರ್ಜಾಲದಲ್ಲೂ ಹುಡುಕಬಹುದು. ಶಾಸನ, ನಾಣ್ಯ, ಗ್ರಂಥಗಳಿಂದ ಹೆಕ್ಕಿದ ಹೆಸರುಗಳು ಊರುವಾರು ಸಿಗುತ್ತವೆ. ಅರ್ಥವನ್ನು ಅದು ಹೇಳುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ. ಅದಕ್ಕೇ ಅದು ನಂಬಲು ಯೋಗ್ಯ.

ಈ ಪರೀಕ್ಷೆಗೆ ಥಿಯೊಡೊರಿಕ್ ನಿಲ್ಲುವುದಿಲ್ಲ. 493ರಿಂದ 526ರವರೆಗೆ ಇಟಲಿಯನ್ನು ಆಳಿದ ಆಸ್ಟ್ರೊಗಾತ್ ಅರಸನ ಹೆಸರು ಗಾತಿಕ್ ಭಾಷೆಯದು: ‘ಜನ’ ಮತ್ತು ‘ಅರಸ’ ಎಂಬ ಎರಡು ಪದ ಸೇರಿ ಆದದ್ದು. ಅದನ್ನು ‘ಥಿಯೊಡೊರ್’ ಎಂದು ಕತ್ತರಿಸಿದರೆ ‘ಇಕ್’ ಅನಾಥವಾಗಿ ಉಳಿಯುತ್ತದೆ. ಗ್ರೀಕ್‌ನಲ್ಲಿ ಅದಕ್ಕೆ ಜಾಗವಿಲ್ಲ. ಟ್ಯೂಡರ್ ಇನ್ನೂ ಸೂಕ್ಷ್ಮ. ವೇಲ್ಸ್‌ನ ಟ್ಯೂಡರ್ ಹಳೆಯ ಕೆಲ್ಟಿಕ್ ಹೆಸರು, ಅರ್ಥ ಥಿಯೊಡೊರಿಕ್‌ನದೇ, ‘ಜನರ ಅರಸ’. ರೊಮೇನಿಯದ ಟುಡೊರ್ ಮಾತ್ರ ನಿಜವಾಗಿ ಥೆಯೊದೋರೊಸ್‌ನ ರೂಪ. ರೋಮನ್ ಲಿಪಿಯಲ್ಲಿ ಎರಡರ ಅಕ್ಷರವೂ ಒಂದೇ, ಮೂಲ ಎರಡು. ಆದ್ದರಿಂದ ಹೆಸರಿನ ಜೊತೆ ದೇಶವನ್ನೂ ಕೇಳಲೇಬೇಕು.

ಯಾವ ದೇವರು?

ಥೆಯೊದೋರೊಸ್ ಕ್ರೈಸ್ತ ಹೆಸರು ಎಂದು ಹಲವು ಕಡೆ ಬರೆದಿರುತ್ತಾರೆ. ಹೆಸರು ಕ್ರೈಸ್ತಧರ್ಮಕ್ಕಿಂತ ಶತಮಾನಗಳಷ್ಟು ಹಳೆಯದು. ಕ್ರಿ.ಪೂ. 6ನೆಯ ಶತಮಾನದಲ್ಲಿ ಸಾಮೊಸ್ ದ್ವೀಪದಲ್ಲಿ ಈ ಹೆಸರಿನ ಶಿಲ್ಪಿ ಇದ್ದ. ಅಲ್ಲಿನ ಹೇರಾ ದೇವಿಯ ದೊಡ್ಡ ದೇವಾಲಯದ ಕೆಲಸದ ಜೊತೆ ಅವನ ಹೆಸರು ಸೇರಿಕೊಂಡಿದೆ. ಈಗಿನ ಲಿಬಿಯಾದಲ್ಲಿರುವ ಕೈರೀನ್ ಪಟ್ಟಣದ ಥೆಯೊದೋರೊಸ್ ಕ್ರಿ.ಪೂ. 5ನೆಯ ಶತಮಾನದ ಗಣಿತಜ್ಞ. 3ರಿಂದ 17ರವರೆಗಿನ ಸಂಖ್ಯೆಗಳಲ್ಲಿ ಪೂರ್ಣ ವರ್ಗವಲ್ಲದವುಗಳ ವರ್ಗಮೂಲ ಅಭಾಗಲಬ್ಧವೆಂದು ಅವನು ತೋರಿಸಿದ ಸಂಗತಿಯನ್ನು ಪ್ಲೇಟೊ ತನ್ನ ಸಂವಾದವೊಂದರಲ್ಲಿ ತರುತ್ತಾನೆ. ಇವರ ತಂದೆತಾಯಿ ಹೆಸರಿಟ್ಟಾಗ ಮನಸ್ಸಿನಲ್ಲಿದ್ದದ್ದು ಒಲಿಂಪಸ್‌ನ ದೇವರುಗಳು. ಇಂಥದ್ದೇ ದೇವರು ಎಂದು ಹೇಳದೆ ಬರಿದೇ ‘ದೇವರು’ ಎಂದಿದ್ದರಿಂದಲೇ ಧರ್ಮ ಬದಲಾದ ಮೇಲೂ ಹೆಸರು ಅಡ್ಡಿಯಿಲ್ಲದೆ ಮುಂದುವರಿಯಿತು.

ನಮ್ಮ ಉಪಖಂಡದಲ್ಲಿ ಇದೇ ಹೆಸರು ಬೌದ್ಧರ ನಡುವೆಯೂ ಕಾಣಿಸಿಕೊಂಡಿದೆ. ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ಸಿಕ್ಕ ಧಾತುಕರಂಡವೊಂದರ (ಬುದ್ಧನ ಅವಶೇಷ, ಅಂದರೆ ಧಾತು, ಇರಿಸುವ ಪಾತ್ರೆ) ಮೇಲೆ ಖರೋಷ್ಠಿ ಲಿಪಿಯ ಬರಹವಿದೆ: ‘ಥೆಉದೊರ’ ಎಂಬ ‘ಮೆರಿದರ್ಖ’ ಶಾಕ್ಯಮುನಿಯ ಧಾತುಗಳನ್ನು ಬಹುಜನರ ಒಳಿತಿಗಾಗಿ ಪ್ರತಿಷ್ಠಾಪಿಸಿದ. ಮೆರಿದರ್ಖ ಅಂದರೆ ಗ್ರೀಕ್‌ನ ಮೆರಿದಾರ್ಖೇಸ್, ಒಂದು ವಿಭಾಗದ ಅಧಿಕಾರಿ. ವಿದಿಶಾ ಬಳಿ ಬೆಸ್‌ನಗರದ ಗರುಡಧ್ವಜವನ್ನು ನಿಲ್ಲಿಸಿದವನು ಹೇಲಿಯೊದೋರೊಸ್. ತಕ್ಷಶಿಲೆಯಿಂದ ಅಂತಿಯಾಲ್ಕಿದಾಸ್ ಅರಸನ ರಾಯಭಾರಿಯಾಗಿ ಬಂದ ಅವನು ಬ್ರಾಹ್ಮಿ ಶಾಸನದಲ್ಲಿ ತನ್ನನ್ನು ‘ಭಾಗವತ’ ಎಂದು ಕರೆದುಕೊಂಡಿದ್ದಾನೆ. ಅಲ್ಲಿ ಹೆಸರು ‘ಹೆಲಿಓದೊರ’. ಎರಡು ಕಡೆಯೂ ಕೊನೆಯ ಸಕಾರ ಬಿದ್ದು, ಪ್ರಾಕೃತದ ತೃತೀಯಾ ಪ್ರತ್ಯಯ ಸೇರಿಕೊಂಡಿದೆ. ಶಾಸನಗಳಲ್ಲಿ ಗ್ರೀಕ್ ಹೆಸರು ಹುಡುಕುವವರು ‘ಒಸ್’ ಹುಡುಕಬಾರದು, ಅದಿಲ್ಲದ ಮೈಯನ್ನು ಹುಡುಕಬೇಕು.

ಗಡಿ ದಾಟಿದಾಗ ಏನಾಗುತ್ತದೆ

ಥೀಟಾ ಉಚ್ಚಾರ ಎಲ್ಲರ ನಾಲಿಗೆಗೂ ಒಗ್ಗುವುದಿಲ್ಲ. ರಷ್ಯನ್‌ನಲ್ಲಿ ಅದು ಫಕಾರವಾಯಿತು, ಆದ್ದರಿಂದ ಫ್ಯೋದೊರ್. 1918ರ ಲಿಪಿ ಸುಧಾರಣೆಗೆ ಮುಂಚೆ ಈ ಹೆಸರನ್ನು ‘ಫಿತಾ’ ಎಂಬ ಅಕ್ಷರದಿಂದ ಬರೆಯುತ್ತಿದ್ದರು, ಅದು ಥೀಟಾದಿಂದಲೇ ಹುಟ್ಟಿದ ಅಕ್ಷರ. ಇಟಲಿ, ಸ್ಪೇನ್‌ಗಳಲ್ಲಿ ತಕಾರವಾಗಿ ತೆಯೊದೊರೊ, ಬಲ್ಗೇರಿಯದಲ್ಲಿ ತೊದೊರ್, ಹಂಗೆರಿಯಲ್ಲಿ ತಿವದರ್. ಅರ್ಮೇನಿಯದಲ್ಲಿ ಸವೆದು ತೊರೊಸ್. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಲ್ಲಿ ತವಾದ್ರೊಸ್; 2012ರಲ್ಲಿ ಆ ಸಭೆಯ ಪೋಪ್ ಆದವರು ಎರಡನೆಯ ತವಾದ್ರೊಸ್. ಇಥಿಯೋಪಿಯದಲ್ಲಿ ತೆವೊದ್ರೊಸ್, 1855ರಿಂದ 1868ರವರೆಗೆ ಆಳಿದ ಚಕ್ರವರ್ತಿಯ ಹೆಸರು ಅದು. ಅಪರಿಚಿತ ರೂಪ ಸಿಕ್ಕಾಗ ಮೊದಲ ವ್ಯಂಜನ ತ, ಥ, ಫ ಇವುಗಳಲ್ಲಿ ಒಂದೇ, ನಡುವೆ ದ-ರ ಇದೆಯೇ ಎಂದು ನೋಡಿ. ತೊರೊಸ್‌ನಂಥ ಸವೆದ ರೂಪದಲ್ಲಿ ದಕಾರವೂ ಇಲ್ಲವಾಗಿರುತ್ತದೆ. ಅಲ್ಲಿ ದೇಶದ ಇತಿಹಾಸವೇ ದಾರಿ ತೋರಿಸಬೇಕು.

ಇಂದಿನ ಗ್ರೀಸ್‌ನಲ್ಲಿ ಈ ಹೆಸರು

ಇಷ್ಟೆಲ್ಲ ಅರ್ಥ ತಿಳಿದ ಮೇಲೂ ಒಂದು ಮಾತು ಬಾಕಿ. ಗ್ರೀಸ್‌ನಲ್ಲಿ ಮಗುವಿಗೆ ಥೆಯೊದೋರೊಸ್ ಎಂದು ಇಡುವುದು ಬಹುಮಟ್ಟಿಗೆ ಅಜ್ಜನ ಹೆಸರು ಅದಾಗಿದ್ದರಿಂದ. ರೂಢಿಯಂತೆ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳವರಿಗೆ ಇದನ್ನು ವಿವರಿಸಬೇಕಿಲ್ಲ. ವಂಶಾವಳಿ ಹುಡುಕುವವರಿಗೆ ಇದರಿಂದ ಲಾಭವೂ ಇದೆ, ತೊಡಕೂ ಇದೆ: ಹೆಸರು ನೋಡಿ ಅಜ್ಜನನ್ನು ಊಹಿಸಬಹುದು, ಆದರೆ ಒಂದೇ ಅಜ್ಜನ ಹಲವು ಮೊಮ್ಮಕ್ಕಳಿಗೆ ಹೆಸರೂ ಒಂದೇ, ಮನೆತನದ ಹೆಸರೂ ಒಂದೇ ಆಗಿರುತ್ತದೆ. ಆಗ ಬೇರ್ಪಡಿಸಲು ದಾಖಲೆಯಲ್ಲಿ ಷಷ್ಠಿ ವಿಭಕ್ತಿಯಲ್ಲಿ ಬರುವ ತಂದೆಯ ಹೆಸರನ್ನು ನೋಡಬೇಕು.

ಹುಟ್ಟುಹಬ್ಬಕ್ಕಿಂತ ನಾಮದಿನಕ್ಕೆ, ಅಂದರೆ ತನ್ನ ಹೆಸರಿನ ಸಂತನ ಹಬ್ಬದ ದಿನಕ್ಕೆ, ಅಲ್ಲಿ ಹಳೆಯ ಮನ್ನಣೆ. ಸಂತ ಥೆಯೊದೋರೊಸ್‌ರು ಮುಖ್ಯವಾಗಿ ಇಬ್ಬರು, ಇಬ್ಬರೂ ಸೈನಿಕ ಸಂತರು. ದಳಪತಿ ಎಂದು ಹೆಸರಾದವರ ದಿನ ಫೆಬ್ರವರಿ 8, ಹೊಸ ಸಿಪಾಯಿ ಎಂದು ಹೆಸರಾದವರ ದಿನ ಫೆಬ್ರವರಿ 17. ಆದರೆ ಹೆಚ್ಚಿನ ಥೆಯೊದೋರೊಸ್, ಥೆಯೊದೋರಾಗಳು ಆಚರಿಸುವುದು ಈಸ್ಟರ್ ಮುಂಚಿನ ಮಹಾ ಉಪವಾಸ ಕಾಲದ ಮೊದಲ ಶನಿವಾರ. ದಿನ ಗೊತ್ತುಮಾಡಲು ಗ್ರೀಸ್‌ನ ಆರ್ಥೊಡಾಕ್ಸ್ ಸಭೆಯ ಈಸ್ಟರ್‌ನಿಂದ 43 ದಿನ ಹಿಂದಕ್ಕೆ ಎಣಿಸಿ. 2026ರಲ್ಲಿ ಆ ಈಸ್ಟರ್ ಏಪ್ರಿಲ್ 12, ಆದ್ದರಿಂದ ನಾಮದಿನ ಫೆಬ್ರವರಿ 28. 2027ರಲ್ಲಿ ಈಸ್ಟರ್ ಮೇ 2, ನಾಮದಿನ ಮಾರ್ಚ್ 20. ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚಾಗುವ ಈಸ್ಟರ್ ಹಿಡಿದು ಎಣಿಸಿದರೆ 2027ರಲ್ಲಿ ಐದು ವಾರ ಮೊದಲೇ ಶುಭಾಶಯ ಹೋಗುತ್ತದೆ, ಏಕೆಂದರೆ ಆ ವರ್ಷ ಪಶ್ಚಿಮದ ಸಭೆಗಳ ಈಸ್ಟರ್ ಮಾರ್ಚ್ 28ಕ್ಕೇ ಬರುತ್ತದೆ. ಹೇಳುವ ಮಾತು ‘ಖ್ರೋನ್ಯಾ ಪೊಲ್ಲಾ’, ಬಹಳ ವರ್ಷ ಬಾಳಿ ಎಂದು.

ಆ ಶನಿವಾರ ಚರ್ಚಿನಲ್ಲಿ ಕೊಲ್ಲಿವಾ ಹಂಚುತ್ತಾರೆ: ಬೇಯಿಸಿದ ಗೋಧಿಗೆ ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ದಾಳಿಂಬೆ ಕಾಳು, ದಾಲ್ಚಿನ್ನಿ ಸೇರಿಸಿದ್ದು. 361ರಿಂದ 363ರವರೆಗೆ ಆಳಿದ, ಹಳೆಯ ದೇವರುಗಳ ಪೂಜೆಗೆ ಮರಳಿದ್ದ ರೋಮನ್ ಚಕ್ರವರ್ತಿ ಜೂಲಿಯನ್ ಉಪವಾಸದ ವಾರದಲ್ಲಿ ಕಾನ್‌ಸ್ಟಾಂಟಿನೋಪಲ್ ಸಂತೆಯ ಆಹಾರಕ್ಕೆಲ್ಲ ಬಲಿಯ ರಕ್ತ ಚಿಮುಕಿಸಲು ಹೇಳಿದನೆಂದೂ, ಸಂತ ಥೆಯೊದೋರೊಸ್ ಅಲ್ಲಿನ ಧರ್ಮಾಧ್ಯಕ್ಷರಿಗೆ ಕಾಣಿಸಿಕೊಂಡು ‘ಸಂತೆಯದ್ದು ಕೊಳ್ಳಬೇಡಿ, ಗೋಧಿ ಬೇಯಿಸಿ ತಿನ್ನಿ’ ಎಂದರೆಂದೂ ಐತಿಹ್ಯ.

ಈ ಹೆಸರಿನವರನ್ನು ಕರೆಯುವಾಗ ಸಕಾರ ಬಿಡಿ. ಗ್ರೀಕ್‌ನಲ್ಲಿ ಸಂಬೋಧನಾ ವಿಭಕ್ತಿ ಈಗಲೂ ಜೀವಂತ: ಥೆಯೊದೊರೊಸ್ ಎದುರಿಗಿದ್ದರೆ ‘ಥೆಯೊದೊರೆ’. ದಿನಬಳಕೆಯಲ್ಲಿ ಅವನು ಥೊದೊರೀಸ್, ಕೂಗುವಾಗ ‘ಥೊದೊರೀ’. ಹೆಣ್ಣಾದರೆ ಥೆಯೊದೊರಾ, ಮುದ್ದಿಗೆ ದೊರಾ ಅಥವಾ ಡೊರಾ. ಹೊಸ ಗ್ರೀಕ್‌ನಲ್ಲಿ ಒಮಿಕ್ರಾನ್, ಒಮೆಗಾ ಎರಡರ ಉಚ್ಚಾರವೂ ಒಂದೇ ಆಗಿದೆ. ಒತ್ತು ಬೀಳುವ ಜಾಗವೇ ಮುಖ್ಯ. ಥೆಯೊದೊರೊಸ್‌ನಲ್ಲಿ ಒತ್ತು ಎರಡನೆಯ ಸ್ವರ ‘ಯೊ’ ಮೇಲೆ, ಥೆಯೊದೊರಾದಲ್ಲಿ ‘ದೊ’ ಮೇಲೆ, ಥೊದೊರೀಸ್‌ನಲ್ಲಿ ಕೊನೆಗೆ. ಥೀಟಾ, ಡೆಲ್ಟಾಗಳ ಇಂದಿನ ಉಚ್ಚಾರ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಗಾಳಿ ಬಿಡುವಂಥದ್ದು. ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, ಥ ಮತ್ತು ದ ಬರೆದರೆ ಸಾಕು. ಟ, ಡ ಮಾತ್ರ ಬೇಡ, ಥೀಟಾ, ಡೆಲ್ಟಾ ಎರಡೂ ದಂತ್ಯ ಧ್ವನಿಗಳು. ‘ಡೊರಾ’ ಒಂದೇ ಇದಕ್ಕೆ ಹೊರತು. ಅಲ್ಲಿ ಗ್ರೀಕರೇ ಗಟ್ಟಿಯಾದ ಬೇರೆ ದನಿ ಬಳಸುತ್ತಾರೆ.

ಮನೆತನದ ಹೆಸರಿನ ಬಾಲ ಊರನ್ನು ಹೇಳುತ್ತದೆ. ಥೆಯೊದೊರಾಕಿಸ್ ಎಂದಿದ್ದರೆ ಹೆಚ್ಚಾಗಿ ಕ್ರೀಟ್ ದ್ವೀಪದ ಮೂಲ. 1925ರಿಂದ 2021ರವರೆಗೆ ಬಾಳಿದ ಸಂಗೀತ ಸಂಯೋಜಕ ಮಿಕಿಸ್ ಥೆಯೊದೊರಾಕಿಸ್‌ರ ತಂದೆಯ ಕಡೆಯವರು ಕ್ರೀಟ್‌ನವರೇ. ಥೆಯೊದೊರೊಪುಲೊಸ್ ಎಂದಿದ್ದರೆ ಪೆಲೊಪೊನೀಸ್, ಥೆಯೊದೊರಿದಿಸ್ ಎಂದಿದ್ದರೆ ಕಪ್ಪು ಸಮುದ್ರದ ಪೊಂಟೊಸ್ ಕಡೆ, ಬರಿಯ ಷಷ್ಠಿ ರೂಪ ಥೆಯೊದೊರು ಎಂದಿದ್ದರೆ ಸೈಪ್ರಸ್ ಇರಬಹುದು. ಇವು ಊಹೆಗೆ ಆಸರೆ ಮಾತ್ರ, ಪುರಾವೆಯಲ್ಲ. ಜನ ವಲಸೆ ಹೋಗಿದ್ದಾರೆ.

ಇನ್ನು ದಾಖಲೆ ನೋಡುವಾಗ ಅಣ್ಣ ಥೆಯೊದೊರಿದಿಸ್, ತಂಗಿ ಥೆಯೊದೊರಿದು ಎಂದು ಕಂಡರೆ ಯಾರೋ ತಪ್ಪು ಬರೆದಿದ್ದಾರೆ ಎಂದು ತಿದ್ದಬೇಡಿ. ಹೆಂಗಸರ ಮನೆತನದ ಹೆಸರು ಗ್ರೀಕ್‌ನಲ್ಲಿ ಷಷ್ಠಿಯಲ್ಲಿ ಬರುತ್ತದೆ: ಥೆಯೊದೊರಾಕಿಸ್ ಮಗಳು ಥೆಯೊದೊರಾಕಿ, ಥೆಯೊದೊರೊಪುಲೊಸ್ ಮಗಳು ಥೆಯೊದೊರೊಪುಲು. ಥೆಯೊದೊರು ಮೊದಲೇ ಷಷ್ಠಿಯಲ್ಲಿರುವುದರಿಂದ ಅಣ್ಣತಂಗಿ ಇಬ್ಬರಿಗೂ ಹಾಗೆಯೇ ಉಳಿಯುತ್ತದೆ.